ಮಗಳ ದೋಣಿಗೆ ನಾನು ಕೂರಿಸಿದ ಕಂಬಿ

ಮೂರು ವರ್ಷದ ಹಿಂದಿನ ನವೆಂಬರ್, ಒಂದು ಶನಿವಾರ. ಮಗಳು ಸಿಂಚನ ಆಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಶಾಲೆಯ ವರ್ಕ್‌ಶಾಪಿನಲ್ಲಿ ವರ್ಷವಿಡೀ ಮರದ ತೆಳು ಪಟ್ಟಿಗಳನ್ನು ಅಂಟಿಸಿ, ಉಜ್ಜಿ, ಒಬ್ಬರೇ ಕೂರುವ ಉದ್ದನೆಯ ದೋಣಿ ಮಾಡಿದ್ದಳು. ಅಂದು ಅದನ್ನು ಮೊದಲ ಸಲ ಸಮುದ್ರಕ್ಕಿಳಿಸಬೇಕಿತ್ತು. ಅವಳ ಮೇಷ್ಟ್ರು, ಗೆಳತಿಯರು ತೀರದಲ್ಲಿ ಕಾಯುವವರಿದ್ದರು.

ದೋಣಿ ಹೊರಲು ಕಾರಿನ ಚಾವಣಿಗೆ ರೂಫ್ ಬಾರ್ ಬೇಕು, ಅಂದರೆ ಎರಡು ಅಡ್ಡಕಂಬಿ. ಕೆಲವು ಕಾರುಗಳಲ್ಲಿ ಕಂಬಿ ಕೂರುವ ಉದ್ದನೆಯ ಹಳಿ ಚಾವಣಿಗೆ ಅಂಟಿಕೊಂಡಿರುತ್ತದೆ, ಕೆಲವಕ್ಕೆ ನಡುವೆ ಸಂದಿ ಇರುತ್ತದೆ. ಒಂದಕ್ಕೆ ಮಾಡಿದ ಕಂಬಿ ಇನ್ನೊಂದಕ್ಕೆ ಕೂರುವುದಿಲ್ಲ. ಪೆನ್‌ರೋಸ್ ಬಡಾವಣೆಯ ಅಂಗಡಿಗೆ ಎರಡು ಸಲ ಹೋಗಿ, ಅಳೆದು ಸುರಿದು ಆರಿಸಿದೆ. ಅಂಗಡಿಯಾಕೆ ತಾನೇ ಕೂರಿಸಿಕೊಡುತ್ತೇನೆ ಎಂದಳು. ಇಪ್ಪತ್ತು ವರ್ಷ ಮೆಕ್ಯಾನಿಕಲ್ ಇಂಜಿನಿಯರ್ ಆಗಿದ್ದವನಿಗೆ ನಾಲ್ಕು ಬೋಲ್ಟ್ ಕೂರಿಸಲು ಇನ್ನೊಬ್ಬರು ಬೇಕೇ? ಬೇಡವೆಂದು ಬಂದೆ. ಹತ್ತು ನಿಮಿಷದ ಕೆಲಸ ಎಂದು ಶನಿವಾರದವರೆಗೂ ಡಬ್ಬ ಬಿಚ್ಚಲಿಲ್ಲ.

ಅಂದು ಬೆಳಿಗ್ಗೆ ಕೆಲಸ ಇನ್ನೂ ಅರ್ಧವಷ್ಟೇ ಆಗಿತ್ತು, ಹೆಂಡತಿ ಉಷಾ ಬಾಗಿಲಿಗೆ ಬಂದಳು.

"ಒಂಬತ್ತಕ್ಕೆ ರಾಹುಕಾಲ ಶುರುವಾಗತ್ತೆ ಕಣ್ರೀ. ಹೊಸ ದೋಣಿ, ಅಷ್ಟರೊಳಗೆ ಮನೆ ಬಿಟ್ಬಿಡಿ."

ಮೈಸೂರಿನ ಕ್ಯಾಲೆಂಡರಿನ ರಾಹುಕಾಲ ಈ ಪರದೇಶದಲ್ಲಿ ನಾವಿರುವ ಫ್ಲ್ಯಾಟ್ ಬುಷ್‌ನ ಗಡಿಯಾರಕ್ಕೆ ಹೊಂದುತ್ತದೋ ಇಲ್ಲವೋ, ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಒಳ್ಳೆಯ ಗಳಿಗೆಯಲ್ಲಿ ಸಾಮಾನನ್ನು ಬೇರೆ ಮನೆಗೆ ಸಾಗಿಸಿಟ್ಟರೆ ಹೊರಟಂತೆಯೇ ಲೆಕ್ಕ. ನಾಲ್ಕೂ ಬೋಲ್ಟನ್ನು ಬೆರಳಲ್ಲಿ ತಿರುಗುವಷ್ಟು ಮಾತ್ರ ತಿರುಗಿಸಿದೆ. ದೋಣಿ ಏರಿಸಿದೆವು, ಸಿಂಚನ ಅದನ್ನು ಬೆಲ್ಟಿನಿಂದ ಕಂಬಿಗೆ ಬಿಗಿದಳು. ನಿಧಾನವಾಗಿ ಅದೇ ಬೀದಿಯ ಗೆಳೆಯ ನಾಗೇಂದ್ರನ ಮನೆ ಮುಂದೆ ಕಾರು ನಿಲ್ಲಿಸಿದೆ. ಉಳಿದದ್ದನ್ನು ಅಲ್ಲೇ ಬಿಗಿದರಾಯಿತು ಎಂಬ ಲೆಕ್ಕ.

ಅಲ್ಲಿ ಉಪ್ಪಿಟ್ಟು, ಕಾಫಿ, ಹರಟೆ. ಹೊರಡುವಾಗ ಸಿಂಚನ ಕೇಳಿದಳು, "ಅಪ್ಪಾ, ಡಿಡ್ ಇಟ್ ಕ್ಲಿಕ್?"

ಕಂಬಿಯ ಜೊತೆ ಕೊಟ್ಟಿದ್ದ ಕೀಲಿ, ಬೋಲ್ಟ್ ಸಾಕಷ್ಟು ಬಿಗಿಯಾದಾಗ ಕಟಕ್ ಎನ್ನುತ್ತದೆ. ಅದು ಇನ್ನೂ ನನ್ನ ಜಾಕೆಟ್ಟಿನ ಜೇಬಿನಲ್ಲೇ ಇತ್ತು. ನಾಗೇಂದ್ರನ ಎದುರು ಮಗಳು ಹೀಗೆ ಪ್ರಶ್ನೆ ಮಾಡಿದ್ದು ನನಗೆ ಹಿಡಿಸಲಿಲ್ಲ.

"ಎಲ್ಲಾ ಆಗಿದೆ, ಹತ್ತಮ್ಮ" ಎಂದೆ. ಮರೆತಿದ್ದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ.

ವಿಟ್‌ಫರ್ಡ್ ದಾಟಿ ಇಳಿಜಾರಿನಲ್ಲಿ ಗಾಳಿ ಎದುರಾಯಿತು. ತಲೆಯ ಮೇಲೆ ಕಿರ್ರ್ ಎಂದಿತು, ಕಾರು ಒಮ್ಮೆಲೇ ಹಗುರಾಯಿತು. ಕನ್ನಡಿಯಲ್ಲಿ ನೋಡಿದರೆ ದೋಣಿ ರಸ್ತೆಯಲ್ಲಿ ಪಲ್ಟಿ ಹೊಡೆಯುತ್ತಿತ್ತು. ಹಿಂದಿದ್ದ ಪಿಕಪ್ ಗಾಡಿ, ಇಲ್ಲಿಯವರ ಮಾತಿನ ಯೂಟ್, ಪಕ್ಕದ ಹುಲ್ಲಿನ ಮೇಲೆ ಹಾರಿ ನಿಂತಿತು. ಸದ್ಯ, ಯಾರಿಗೂ ಏನೂ ಆಗಲಿಲ್ಲ.

ಇಳಿದವನು ದೋಣಿಯ ಹತ್ತಿರವೂ ಹೋಗದೆ ಮಗಳ ಮೇಲೆ ರೇಗಿದೆ. "ಬೆಲ್ಟ್ ನೆಟ್ಟಗೆ ಕಟ್ಟೋಕೆ ಬರಲ್ವಾ ನಿಂಗೆ?"

ಯೂಟಿನಿಂದ ಇಳಿದ ಹಿರಿಯರೊಬ್ಬರು ಬಗ್ಗಿ ದೋಣಿಯನ್ನು ಮಗುಚಿದರು. ಎರಡು ತುಂಡಾಗಿತ್ತು. ಆದರೆ ಎರಡು ಕಂಬಿಗಳೂ ಅದಕ್ಕೇ ಅಂಟಿಕೊಂಡಿದ್ದವು. ಸಿಂಚನ ಬಿಗಿದ ಬೆಲ್ಟ್ ಒಂದು ಕೂದಲೆಳೆಯಷ್ಟೂ ಸಡಿಲವಾಗಿರಲಿಲ್ಲ. "ಕಟ್ಟಿದವರು ಚೆನ್ನಾಗಿಯೇ ಕಟ್ಟಿದ್ದಾರೆ" ಎಂದರು ಅವರು, ಇಂಗ್ಲಿಷಿನಲ್ಲಿ. ಸಿಂಚನ ನನ್ನ ಮುಖ ನೋಡಿದಳು. ಆಮೇಲೆ ಚೂರು ಆಯತೊಡಗಿದಳು.

ಮನೆಯಲ್ಲಿ ಉಷಾ ಹಣೆ ಚಚ್ಚಿಕೊಂಡಳು. "ನಾಗೇಂದ್ರನ ಮನೆಯಿಂದ ರಾಹುಕಾಲ ಮುಗಿದ ಮೇಲೇ ಹೊರಡಬೇಕಿತ್ತು."

"ಹೌದು, ಹಾಗೇ ಮಾಡಬೇಕಿತ್ತು" ಎಂದೆ. ಮೆಟ್ಟಿಲ ಮೇಲೆ ನಿಂತಿದ್ದ ಮಗಳು ಅದನ್ನೂ ಕೇಳಿಸಿಕೊಂಡಳು.

ಈಗ ಅವಳು ಹ್ಯಾಮಿಲ್ಟನ್ನಿನಲ್ಲಿ ಓದುತ್ತಿದ್ದಾಳೆ. ಕಳೆದ ತಿಂಗಳು ತನ್ನ ಪುಟ್ಟ ಕಾರಿಗೆ ತಾನೇ ರೂಫ್ ಬಾರ್ ಹಾಕಿಕೊಂಡು ಬಂದಿದ್ದಳು. ತಪ್ಪಾಯಿತು ಎನ್ನಲು ಇದೇ ಸಮಯ ಎಂದುಕೊಂಡು ಹೊರಗೆ ಹೋದೆ. ಅದರ ಬದಲು ಕಂಬಿಯ ಮೇಲೆ ಕೈ ಇಟ್ಟು ಅಲುಗಾಡಿಸಿ ನೋಡಿದೆ.

"ಇಟ್ಸ್ ಡನ್, ಅಪ್ಪಾ" ಎಂದಳು ಮೆತ್ತಗೆ.

ಒಳಗೆ ಬಂದೆ. ಕಿಟಕಿಯಿಂದ ನೋಡಿದರೆ, ಅವಳು ಕೀಲಿ ತೆಗೆದು ನಾನು ಮುಟ್ಟಿದ ಬದಿಯನ್ನು ಮತ್ತೆ ಬಿಗಿಯುತ್ತಿದ್ದಳು. ಕಟಕ್ ಎಂದಿದ್ದು ನನಗೆ ಒಳಗೂ ಕೇಳಿಸಿತು.