ಝೋಯಾಳ ಎಡಗೈ ತುತ್ತು

ಶನಿವಾರ ಮಧ್ಯಾಹ್ನ ಝೋಯಾ ಎಡಗೈಯಲ್ಲಿ ಅನ್ನ ಕಲಸತೊಡಗಿದಳು. ನಮ್ಮ ಮನೆಯಲ್ಲಿ ಎಡಗೈಯಲ್ಲಿ ಉಣ್ಣುವುದು ದೊಡ್ಡ ತಪ್ಪು. "ಬಲಗೈಗೇನಾಯ್ತೇ?" ಎಂದೆ. ನನ್ನ ಕನ್ನಡಕ್ಕೆಲ್ಲ ಇಂಗ್ಲಿಷ್‌ನಲ್ಲಿ ಎದುರುತ್ತರ ಕೊಡುವ ಐದು ವರ್ಷದ ಮಗಳು ತುಟಿ ಪಿಟಕ್ಕೆನ್ನಲಿಲ್ಲ. ಹಟ ಎಂದುಕೊಂಡೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಚಮಚದಿಂದ ಆ ಕೈಗೊಂದು ಏಟು ಕೊಟ್ಟು, ಬಟ್ಟೆ ಮಡಚಲು ಮೇಲೆ ಹೋದೆ.

ಇಳಿದು ಬಂದಾಗ ಎರಡು ಗಂಟೆ. ಮಗು ಬಲಕ್ಕೆ ವಾಲಿತ್ತು. ಬಾಯಿ ಸೊಟ್ಟಗಾಗಿತ್ತು.

ಆಂಬುಲೆನ್ಸ್ ಬಂತು. ವುಲ್ವರ್‌ಹ್ಯಾಂಪ್ಟನ್ನಿನ ಆಸ್ಪತ್ರೆಯಲ್ಲಿ ಸ್ಕ್ಯಾನ್. ಅಲ್ಲೇ ಡಾಕ್ಟರಾಗಿರುವ ನನ್ನ ಗಂಡ ಸಲೀಂ ವಾರ್ಡಿನಿಂದ ಓಡಿ ಬಂದರು. ಮೂವರೂ ಅಲ್ಲಿಂದ ಮಕ್ಕಳ ಆಸ್ಪತ್ರೆಗೆಂದು ಬರ್ಮಿಂಗ್‌ಹ್ಯಾಮ್‌ಗೆ.

ಸ್ಟ್ರೋಕ್.

ಅಲ್ಲಿನ ಹಿರಿಯ ತಜ್ಞೆ, ಕನ್ಸಲ್ಟೆಂಟ್, ನೇರ ಮಾತಿನ ಹೆಂಗಸು. ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಕ್ಲಾಟ್ ಆಗಿ ಕೂತಿದೆ, ತೊಡೆಯಿಂದ ತೆಳ್ಳಗಿನ ಟ್ಯೂಬ್ ಕಳಿಸಿ ಎಳೆದು ತೆಗೆಯಬಹುದು, ಆದರೆ ಇಷ್ಟು ಚಿಕ್ಕವರಲ್ಲಿ ಮಾಡಿದ್ದು ಕಡಿಮೆ, ಭರವಸೆ ಕೊಡಲಾರೆ ಎಂದರು. "ತಡವಾಗಿದ್ದರೆ ಅಪಾಯ ಹೆಚ್ಚು. ಶುರುವಾಗಿದ್ದು ಎಷ್ಟು ಗಂಟೆಗೆ?"

"ಎರಡಕ್ಕೆ," ಎಂದರು ಸಲೀಂ. ನಾನು ಫೋನಿನಲ್ಲಿ ಹೇಳಿದ್ದೇ ಅಷ್ಟು. ಹೂಂ ಎಂದುಬಿಡಬಹುದಿತ್ತು. ಹೊಡೆದದ್ದನ್ನು ಹೇಳಲು ನಾಚಿಕೆ.

"ಅಲ್ಲ. ಒಂದಕ್ಕೆ ಮೆಟ್ಟಿಲು ಇಳಿದು ಓಡಿ ಬಂದಳು, ಸರಿಯಾಗಿದ್ದಳು. ಒಂದೂಕಾಲಿಗೆ ಬಲಗೈ ಆಡ್ತಿರಲಿಲ್ಲ. ಎಡಗೈಲಿ ಉಣ್ತಾಳೆ ಅಂತ ನಾನು ಹೊಡೆದೆ."

ಸಲೀಂ ನನ್ನತ್ತ ನೋಡಿದರು. ನನ್ನ ಮೊಣಕೈ ಹಿಡಿದುಕೊಂಡರು. ಕನ್ಸಲ್ಟೆಂಟ್ ಎರಡೂ ಸಮಯ ಬರೆದುಕೊಂಡರು. "ಇನ್ನೂ ಟೈಮ್ ಇದೆ. ಹೇಳಿದ್ದು ಒಳ್ಳೆಯದಾಯಿತು," ಎಂದು ಕನ್ಸೆಂಟ್ ಫಾರ್ಮ್ ಮುಂದಿಟ್ಟರು. ಸಹಿ ಹಾಕಿದೆ.

ಆಮೇಲಿನ ಹೊತ್ತು ಹೇಗೆ ಕಳೆಯಿತೋ ತಿಳಿಯದು. ಬಾಗಿಲು ತೆರೆದಾಗ ಕನ್ಸಲ್ಟೆಂಟ್ ತಲೆಯ ಮೇಲೆ ಇನ್ನೂ ಆಪರೇಷನ್ ಥಿಯೇಟರಿನ ಕ್ಯಾಪ್ ಇತ್ತು.

"ಬಂತು. ಪೂರ್ತಿ ಬಂತು."

ಕ್ಲಾಟ್ ಅಕ್ಕಿಕಾಳಿನಷ್ಟಿತ್ತಂತೆ. ಸ್ಕ್ರೀನಿನಲ್ಲಿ ತೋರಿಸಿದರು: ಮೊದಲು ಖಾಲಿಯಿದ್ದ ಜಾಗದಲ್ಲಿ ರಕ್ತ ಕವಲೊಡೆದು ಹರಿಯುತ್ತಿತ್ತು. ಕುಣಿಯಬೇಕೆನಿಸಿತು. ಸುಳ್ಳೇಕೆ, ಎರಡು ಹೆಜ್ಜೆ ಕುಣಿದೇಬಿಟ್ಟೆ.

ಈಗ ಮೂರು ವಾರ. ಬಲಗಾಲು ಕೊಂಚ ಎಳೆಯುತ್ತದೆ. ಕೆಲವು ಪದಗಳಿಗೆ ತಡಕಾಡುತ್ತಾಳೆ. ಕ್ಲಾಟ್ ಯಾಕಾಯಿತು ಎಂದು ತಿಳಿಯಲು ಟೆಸ್ಟ್‌ಗಳು ಬಾಕಿ ಇವೆ. ಅಲ್ಲಾಹನಿಗೆ ಶುಕ್ರ್ ಎನ್ನುತ್ತೇನೆ, ಆದರೆ ಅವಳು ಮಲಗಿದ್ದಾಗ ಎರಡೆರಡು ಸಲ ಹೋಗಿ ನೋಡುತ್ತೇನೆ. ಕ್ಲಾಟ್ ತೆಗೆದ ಮಾರನೆಯ ಬೆಳಿಗ್ಗೆಯದನ್ನು ಮಾತ್ರ ಹೇಳಲೇಬೇಕು. ಅಲ್ಲಿಯವರೆಗೆ ಅವಳು ಒಂದು ಮಾತೂ ಆಡಿರಲಿಲ್ಲ. ಇನ್ನು ಆಡುತ್ತಾಳೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ನರ್ಸ್ ಔಷಧಿ ತುಟಿಯ ಬಳಿ ಹಿಡಿದು, "ಕುಡೀತೀಯಾ, ಡಾರ್ಲಿಂಗ್?" ಎಂದು ಕೇಳಿದರು.

"ನೋ," ಎಂದಳು ಝೋಯಾ.

ಸಲೀಂ ಹಾಸಿಗೆಯ ಹತ್ತಿರ ಬಂದರು. "ಸಿಸ್ಟರ್," ಎಂದರು, "ದಯವಿಟ್ಟು ಇನ್ನೊಂದ್ಸಲ ಕೇಳಿ."