ಮುಚ್ಚಳದ ಮೇಲಿನ ಗುರುತು

ಟಪ್, ಟಪ್, ಟಪ್. ಗಾಜಿನ ತಟ್ಟೆಗಳ ಮುಚ್ಚಳ ತೆಗೆದು ಮೇಜಿನ ಮೇಲೆ ಕವುಚಿಡುವ ಸದ್ದು. ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ನೀರು ಬದಲಿಸುತ್ತಿದ್ದವಳನ್ನು ಎಲ್ಲರೂ ನೀರಕ್ಕ ಎನ್ನುತ್ತಿದ್ದರು. ಓದಿದ್ದು ಏಳನೇ ಕ್ಲಾಸು. ಉಪ್ಪುನೀರಿಗೆ ಬೆರಳುಗಳು ಬಿರಿದಿದ್ದವು. ಮನೆಯಲ್ಲಿ ಹಾಸಿಗೆ ಹಿಡಿದ ಅಕ್ಕ. ಇಬ್ಬರ ಹೊಟ್ಟೆಪಾಡೂ ಇದರಲ್ಲೇ.

ಹನ್ನೆರಡೂ ಮುಚ್ಚಳ ತಿರುಗಿ ಮುಚ್ಚಿದ ಮೇಲೆ ಅವಳು ಒಂದೊಂದೇ ತಟ್ಟೆ ಎತ್ತಿ ಅಡಿ ನೋಡಿದಳು. ಗುರುತು ಬರೆದದ್ದು ಮುಚ್ಚಳದ ಮೇಲೆ. ತಟ್ಟೆಗಳ ತಳ ಖಾಲಿ. ಯಾವ ಮುಚ್ಚಳ ಯಾವ ತಟ್ಟೆಯದೋ ಇನ್ನು ಗೊತ್ತಾಗುವಂತಿರಲಿಲ್ಲ.

"ತಳಕ್ಕೆ ಬರಿಯಮ್ಮ ಅಂತ ಎಷ್ಟು ಬಡ್ಕೊಂಡೆ!"

"ಅವಸರದಲ್ಲಿದ್ದೆ ಅಕ್ಕಾ," ಎಂದಳು ಆ ತಟ್ಟೆಗಳ ಸಂಶೋಧಕಿ, ಬಿಳಿಚಿಕೊಂಡು. "ನೀವಾದ್ರೂ ನೋಡ್ಬಾರ್ದಿತ್ತಾ?"

ತಟ್ಟೆಗಳಲ್ಲಿದ್ದವು ಸಮುದ್ರ ಅನಿಮೋನ್ ಮರಿಗಳು. ಮೆತ್ತನೆಯ ಕಡಲ ಪ್ರಾಣಿ, ಕಣ್ಣಿಗೆ ದುಂಡನೆಯ ಹೂ. ಒಳಗೆ ಮಾತ್ರ ಎರಡು ಮಗ್ಗುಲು. ಬಾಯಿ ಉದ್ದನೆಯ ಸೀಳು, ಹೊಟ್ಟೆಯಲ್ಲಿ ಎಂಟು ಪರದೆ, ಎಡಕ್ಕೆ ಹೇಗೋ ಬಲಕ್ಕೂ ಹಾಗೆ. ಮೊಟ್ಟೆಯಲ್ಲೇ ಒಂದು ಜೀನನ್ನು ಸುಮ್ಮನಾಗಿಸಿದರೆ ಈ ಎಡಬಲ ಏರ್ಪಡುವುದಿಲ್ಲ ಎಂಬುದು ಸಂಶೋಧಕಿಯ ಊಹೆ. ಆರು ತಟ್ಟೆ ಅಂಥವು, ಆರು ಮಾಮೂಲಿನವು.

ಹೋದ ವರ್ಷ ತೊಟ್ಟಿಗೆ ಉಪ್ಪು ಹೆಚ್ಚಾದಾಗಲೇ ಪ್ರಯೋಗಾಲಯ ನಡೆಸುವ ದೊಡ್ಡ ಮೇಡಂ ನೀರಕ್ಕನಿಗೆ ಅಂದಿದ್ದರು: ಇನ್ನೊಂದು ತಪ್ಪಾದರೆ ನಾಳೆಯಿಂದ ಬರಬೇಡ.

ನೀರಕ್ಕ ಅರೆದ ಸೀಗಡಿ ಮರಿಯ ಹನಿ ಬಿಟ್ಟು, ಕಾದು, ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದಳು. ಕೆಲವು ತಟ್ಟೆಗಳ ಮರಿಗಳಲ್ಲಿ ತಿಂದ ಸೀಗಡಿಯ ಕಿತ್ತಳೆ ಬಣ್ಣ ಪರದೆಗಳ ನಡುವೆ ಗೆರೆಗೆರೆಯಾಗಿ ಇಳಿದಿತ್ತು. ಉಳಿದವುಗಳಲ್ಲಿ ಬರೀ ಚೀಲ ತುಂಬಿದ ಹಾಗೆ.

"ಈ ಆರು ಮಾಮೂಲಿ. ಆ ಆರು ನಿನ್ನವು."

"ಅಕ್ಕಾ, ನೀವು ಬಂಗಾರ!" ಸಂಶೋಧಕಿ ಆಗಲೇ ಮುಚ್ಚಳ ಹೊಂದಿಸತೊಡಗಿದಳು. "ಇಬ್ರೂ ಸುಮ್ನಿದ್ರೆ ಆಯ್ತು. ನಿಮ್ಮ ಕೆಲ್ಸಾನೂ ಉಳೀತು."

ನೀರಕ್ಕ ಸ್ಟೂಲಿನ ಮೇಲೆ ಕುಸಿದಳು. ಸುಸ್ತು ಮೂಳೆಗಿಳಿದಿತ್ತು.

"ಎಡಬಲ ಇಲ್ಲದವೇ ನಿನ್ನವು ಅಂತ ನಾನ್ಯಾಕಂದೆ ಹೇಳು? ಹಾಗಾಗತ್ತೆ ಅಂತ ನೀನಂದಿದ್ದೆ, ಅದಕ್ಕೆ. ಈಗ ಅದನ್ನೇ ನೋಡಿ, ಹಾಗೇ ಆಯ್ತು ಅಂತ ನೀನು ಬರೀತೀಯ. ಉತ್ತರ ನೋಡ್ಕೊಂಡು ಲೆಕ್ಕ ಮಾಡಿದಂಗಾಯ್ತಲ್ಲೇ ತಾಯಿ."

"ಯಾರಿಗೆ ಗೊತ್ತಾಗತ್ತೆ? ಮತ್ತೆ ಮೊದಲಿಂದ ಅಂದ್ರೆ ಒಂದು ತಿಂಗಳು. ನಿಮಗೂ ಬೇಕಾ ಈ ವಯಸ್ಸಲ್ಲಿ ಈ ಪಾಡು?"

ಬೇಡವಾಗಿತ್ತು. ಹಾಗೇ ಕೂತುಬಿಟ್ಟರೆ ಸಾಕಾಗಿತ್ತು. ನೀರಕ್ಕ ಮೇಜಿಗೆ ಕೈಯೂರಿ ಎದ್ದಳು.

"ಎಲ್ಲಿಗೆ ಹೊರಟ್ರಿ? ಅಕ್ಕಾ, ಕೇಳಿ ಇಲ್ಲಿ, ಮೇಡಂ ಇವತ್ತು ಮೊದಲೇ ಸಿಟ್ಟಲ್ಲಿದ್ದಾರೆ, ಬೇಕಾದ್ರೆ ನಾಳೆ ನಾನೇ..."

ನೀರಕ್ಕ ಆಗಲೇ ಬಾಗಿಲು ದಾಟಿ, ಗೋಡೆ ಹಿಡಿದುಕೊಂಡು, ದೊಡ್ಡ ಮೇಡಂ ಕೋಣೆಯ ಕಡೆ ನಡೆಯುತ್ತಿದ್ದಳು.