ಕೆಸರುಮಂದಿಯ ಬಗ್ಗೆ ನಮ್ಮಿಬ್ಬರ ಊಹೆಗಳು

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ನನ್ನ ಗಂಡ ಎರಡು ಜೊತೆ ಬಟ್ಟೆ ತಗೊಂಡು ಹಲಸೂರಿಗೆ ಹೋದ. ನಾವಾಗ ರಾಮಮೂರ್ತಿ ನಗರದ ಬಾಡಿಗೆ ಮನೆಯಲ್ಲಿದ್ದೆವು. "ಒಂದು ಹದಿನೈದು ದಿನ ಅಷ್ಟೇ" ಅಂದಿದ್ದ. ಮೂರನೇ ವಾರ ಬಂದು ಸ್ವೆಟರ್ ಒಯ್ದ. ಆಮೇಲೆ ಶೇವಿಂಗ್ ಸೆಟ್ಟು, ಆಮೇಲೆ ಕಂಪ್ಯೂಟರ್. ಅತ್ತೆ ವಾಕರ್ ಹಿಡಿದು ಓಡಾಡುವಂತಾದರು, ಅದನ್ನೂ ಬಿಟ್ಟು ಗೋಡೆ ಹಿಡಿದು ನಡೆಯುವಂತಾದರು. ಅವನು ಮಾತ್ರ ಬರಲಿಲ್ಲ. ನಾನೂ ಬಾ ಅನ್ನಲಿಲ್ಲ. ಜಗಳ ಆಗಿರಲಿಲ್ಲ. ಯಾರಾದರೂ ಕೇಳಿದರೆ ಹೇಳಲಿಕ್ಕೆ ಒಂದು ಕಾರಣ ಬೇಕಲ್ಲ ಅಂತ ಎಷ್ಟೋ ಸಲ ಕೂತು ಹುಡುಕಿದ್ದೇನೆ, ಸಿಕ್ಕಿಲ್ಲ.

ನಾವು ಪರಿಚಯವಾದದ್ದು ಇಂದಿರಾನಗರದಲ್ಲಿ, ನನ್ನ ಗೆಳತಿಯೊಬ್ಬಳ ಮನೆಯ ಮಹಡಿ ಕೋಣೆಯಲ್ಲಿ. ಭಾನುವಾರ ಮಧ್ಯಾಹ್ನ ಆರೇಳು ಜನ ಸೇರಿ ದಾಳದ ಆಟ ಆಡುತ್ತಿದ್ದೆವು. ಒಬ್ಬರು ಕಥೆ ಹೇಳಬೇಕು. ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಿ ಕಾಡು, ಕೋಟೆ, ಗುಹೆ ಅಂತ ಅಲೆಯಬೇಕು. ಏಟು ಬಿತ್ತೋ ತಪ್ಪಿತೋ ದಾಳ ಹೇಳುತ್ತದೆ. ಆಟಕ್ಕೆ ದಪ್ಪ ದಪ್ಪ ಪುಸ್ತಕಗಳಿವೆ. ಒಂದರಲ್ಲಿ ನಾವು ಆಗಬಹುದಾದ ಜನಾಂಗಗಳು: ಮನುಷ್ಯರು, ಕುಳ್ಳರು, ಚೂಪು ಕಿವಿಯವರು. ಇನ್ನೊಂದರಲ್ಲಿ ನಮ್ಮ ಕೈಯಲ್ಲಿ ಸಾಯಲಿಕ್ಕೆ ಇರುವ ರಾಕ್ಷಸರು. ಕೆಲವು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ, ಎರಡನೇ ಪುಸ್ತಕದಿಂದ ಒಂದಷ್ಟು ಜೀವಿಗಳು ಮೊದಲನೆಯದಕ್ಕೆ ಬಡ್ತಿ ಪಡೆಯುತ್ತವೆ. ಯಾರಿಗೆ ಬಡ್ತಿ ಸಿಗಬಹುದು ಅಂತ ಊಹಿಸುವುದು ಆಡುವವರಿಗೆ ಆಟಕ್ಕಿಂತ ದೊಡ್ಡ ಹುಚ್ಚು. ಇಂಟರ್ನೆಟ್ಟಿನಲ್ಲಿ ಅದಕ್ಕೇ ಅಂತ ವೇದಿಕೆಗಳಿವೆ.

ಅವನು ಹುಟ್ಟಿ ಬೆಳೆದದ್ದು ಹಲಸೂರು. ಮನೆಯಲ್ಲಿ ತಮಿಳು, ಹೊರಗೆ ಕನ್ನಡ. ಫ್ಯಾಕ್ಟರಿಯೊಂದರ ಡ್ರಾಯಿಂಗ್ ವಿಭಾಗದಲ್ಲಿ ಕೆಲಸ. ನನ್ನದು ಕೊಪ್ಪಳ. ಗರುಡಾಚಾರ್‌ಪಾಳ್ಯದ ಆಫೀಸಿನಲ್ಲಿ ಔಷಧಿ ಡಬ್ಬಿಯೊಳಗೆ ಮಡಚಿಡುವ ಚೀಟಿಗಳನ್ನು ಓದಿ ತಪ್ಪು ತಿದ್ದುತ್ತೇನೆ. ತಲೆಸುತ್ತು, ವಾಕರಿಕೆ, ಬಾಯಿ ಒಣಗುವುದು, ಅಪರೂಪಕ್ಕೆ ಮಂಪರು.

ಮೊದಲ ದಿನವೇ ನಮ್ಮಿಬ್ಬರಿಗೆ ವಾದ ಹತ್ತಿತು. ರಾಕ್ಷಸರ ಪುಸ್ತಕದ ಕೊನೆಯಲ್ಲಿ, ಯಾರೂ ತಿರುಗಿ ನೋಡದ ಅರ್ಧ ಪುಟದಲ್ಲಿ, ಜೌಗು ನೆಲದಲ್ಲಿ ಬದುಕುವ ಒಂದು ಜೀವಿ ಇತ್ತು. ಆಳೆತ್ತರ, ಮೈಯೆಲ್ಲ ಕೆಸರು, ಬಾಯಿ ಇಲ್ಲ, ಚರ್ಮದಿಂದಲೇ ಕೇಳಿಸಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಉದ್ದನೆಯ ಹೆಸರು. ನಾನು ಕೆಸರುಮಂದಿ ಅಂತ ಕರೆದೆ. ಮುಂದಿನ ಆವೃತ್ತಿಯಲ್ಲಿ ಕೆಸರುಮಂದಿಯಾಗಿ ಆಡುವ ಅವಕಾಶ ಕೊಡಬೇಕು ಅಂದೆ.

"ಚಾನ್ಸೇ ಇಲ್ಲ," ಅಂದ. "ಮಾತೇ ಆಡ್ದಿರೋದು ಊರ ಬಾಗಿಲಲ್ಲಿ ಕಾವಲುಗಾರ ಯಾರು ನೀನು ಅಂದ್ರೆ ಏನ್ ಹೇಳುತ್ತೆ?"

"ಪಕ್ಕದಾಗ ನಿಂತವ್ರು ಹೇಳ್ತಾರ. ನಾಲ್ಕು ಮಂದಿ ಜೊತಿಗಿರ್ತಾರಲ್ಲ."

"ಯಾವಾಗ್ಲೂ ಪಕ್ಕದಲ್ಲಿ ಯಾರಾದ್ರೂ ಇರ್ತಾರಾ?"

ಅವತ್ತು ಆಟ ಮುಗಿದ ಮೇಲೂ ಗೇಟಿನ ಹತ್ತಿರ ನಿಂತು ಅದನ್ನೇ ಎಳೆದಾಡಿದೆವು. ಗೆಳತಿ ಮೇಲಿನಿಂದ ಬಗ್ಗಿ, "ಇನ್ನೂ ಹೋಗಿಲ್ವಾ ನೀವಿಬ್ರೂ?" ಅಂದಳು.

ಮದುವೆಯಾದ ಮೇಲೆ ವಾದವನ್ನು ಬರೆದಿಡತೊಡಗಿದೆವು. ಇಬ್ಬರ ಕಂಪ್ಯೂಟರಿನಲ್ಲೂ ತೆರೆಯುವಂಥ ಒಂದೇ ಕಡತ. ನಾವು ಅದನ್ನು ಪಟ್ಟಿ ಅನ್ನುತ್ತಿದ್ದೆವು. ಒಂದೊಂದು ರಾಕ್ಷಸನ ಹೆಸರು, ಕೆಳಗೆ ಎಡಕ್ಕೆ ನನ್ನ ಮಾತು, ಬಲಕ್ಕೆ ಅವನದು. ಕಲ್ಲಿನ ಮೈಯವರಿಗೆ ವಯಸ್ಸಾಗುತ್ತದಾ? ಎರಡು ತಲೆಯವನನ್ನು ಇಬ್ಬರು ಸೇರಿ ಆಡಬಹುದಾ? ರೆಕ್ಕೆಯವರನ್ನು ಆಟಕ್ಕೆ ಬಿಟ್ಟರೆ ಬೇಲಿಗೆ, ಗೋಡೆಗೆ, ಕಂದಕಕ್ಕೆ ಏನರ್ಥ? ಅವನು ಡ್ರಾಯಿಂಗ್‌ನವನು, ಎಲ್ಲದಕ್ಕೂ ಅಳತೆ ಬೇಕು. "ಇದು ಬಾಗಿಲಲ್ಲಿ ಹಿಡ್ಸಲ್ಲ" ಅಂತ ಬರೆದು ಮುಗಿಸಿಬಿಡುತ್ತಿದ್ದ. ಶನಿವಾರ ತಿಂಡಿ ತಿಂದ ತಟ್ಟೆ ಪಕ್ಕಕ್ಕೆ ಸರಿಸಿ ಕೂತರೆ ಮಧ್ಯಾಹ್ನದವರೆಗೂ ಅದೇ. ಎಂಟು ವರ್ಷದ ಸಂಸಾರದಲ್ಲಿ ಪಟ್ಟಿ ನೂರು ಪುಟ ದಾಟಿತ್ತು. ಕೊನೆಯ ಎರಡು ವರ್ಷ ಯಾರೂ ಅದರಲ್ಲಿ ಒಂದಕ್ಷರ ಸೇರಿಸಿರಲಿಲ್ಲ. ಅದನ್ನು ನಾನು ಗಮನಿಸಿದ್ದೂ ಆಮೇಲೆಯೇ.

ಅವನು ಹಲಸೂರಿಗೆ ಹೋಗಿ ಹತ್ತು ತಿಂಗಳಾದಾಗ ಒಂದು ಮಧ್ಯಾಹ್ನ ಫೋನ್ ಮಾಡಿದ. ನಾನು ಆಫೀಸಿನ ಕ್ಯಾಂಟೀನಿನಲ್ಲಿದ್ದೆ.

"ಲಾಯರ್ ಹತ್ರ ಮಾತಾಡ್ಲಾ?" ಅಂದ.

"ಮಾತಾಡು."

"ಬೇಜಾರಿಲ್ವಾ?"

"ಗೊತ್ತಿಲ್ಲ."

ಫೋನಿಟ್ಟು ಊಟದ ಡಬ್ಬಿ ಮುಗಿಸಿದೆ. ಹಸಿವಿತ್ತೋ ಇಲ್ಲವೋ ಯೋಚಿಸಲಿಲ್ಲ. ಸಂಜೆ ಅವ್ವನ ಫೋನ್ ಬಂತು. "ಊಟ ಆತೇನವ್ವ?" "ಆತು." "ಅಳಿಯಂದ್ರು ಅರಾಮ ಅದಾರ?" "ಅದಾರ." ಅವನು ಅರಾಮಾಗಿಯೇ ಇದ್ದ, ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ವರ್ಷ ತುಂಬಿದ ಮೇಲೆ ಇಬ್ಬರೂ ಒಪ್ಪಿ ಅರ್ಜಿ ಹಾಕಿದೆವು. ನ್ಯಾಯಾಲಯದಲ್ಲಿ ಆರು ತಿಂಗಳು ಯೋಚಿಸಿ ಬನ್ನಿ ಅಂದರು. ಆ ಆರು ತಿಂಗಳಲ್ಲಿ ಮಾಡಬೇಕಾದ ಯೋಚನೆ ಯಾವುದು ಅಂತ ನನಗೆ ಹೊಳೆಯಲಿಲ್ಲ. ಬೆಳಿಗ್ಗೆ ಏಳುತ್ತಿದ್ದೆ, ಬಸ್ಸು ಹಿಡಿದು ಕೆ.ಆರ್. ಪುರಕ್ಕೆ ಹೋಗಿ ಮೆಟ್ರೋ ಹತ್ತುತ್ತಿದ್ದೆ, ಚೀಟಿ ತಿದ್ದುತ್ತಿದ್ದೆ. ಹಲ್ಲು ಕೀಳಿಸಿಕೊಂಡ ದಿನ ಕೆನ್ನೆ ಹೇಗೆ ನಮ್ಮದಲ್ಲದ ಹಾಗೆ ಇರುತ್ತದೋ ಹಾಗೆ ಇಡೀ ಮೈ ಇತ್ತು.

ಎರಡನೇ ತಿಂಗಳಲ್ಲಿ ಆಟದ ಕಂಪನಿಯವರು ಹೊಸ ಆವೃತ್ತಿ ಘೋಷಿಸಿದರು. ಎಂಟು ಹೊಸ ಜನಾಂಗ ಬರುತ್ತವೆ, ಯಾವುವು ಅಂತ ಈಗಲೇ ಹೇಳುವುದಿಲ್ಲ ಅಂದರು. ಮೊದಲಾಗಿದ್ದರೆ ಕುಣಿದಾಡಿರುತ್ತಿದ್ದೆವು. ಮಾರನೆಯ ದಿನ ಆಫೀಸಿನಲ್ಲಿ ಊಟದ ಹೊತ್ತಿಗೆ ಸುಮ್ಮನೆ ಪಟ್ಟಿ ತೆರೆದೆ. ಮೂಲೆಯಲ್ಲಿ ಅವನ ಹೆಸರು ಕಾಣಿಸಿತು. ಅವನೂ ಅದನ್ನು ಅಲ್ಲಿ, ಅದೇ ಹೊತ್ತಿಗೆ ತೆರೆದಿದ್ದ. ಕಲ್ಲಿನವರ ಕೆಳಗೆ ಅವನ ಅಕ್ಷರಗಳು ಒಂದೊಂದಾಗಿ ಮೂಡುತ್ತಿದ್ದವು. "ಈ ಸಲ ಇವ್ರು ಗ್ಯಾರಂಟಿ."

ನಾನು ಎಡಗಡೆ ಬರೆದೆ: "ಅವರು ನೀರಲ್ಲಿ ಮುಳುಗುತ್ತಾರೆ. ದೋಣಿ ಕಥೆ ಬಂದರೆ ಏನು ಮಾಡುವುದು?"

"ದೋಣಿ ದೊಡ್ಡದು ಮಾಡೋದು."

ಅವತ್ತಿನಿಂದ ದಿನಾ ಒಂದೂವರೆಯಿಂದ ಎರಡರವರೆಗೆ ನಾವು ಪಟ್ಟಿಯಲ್ಲಿರುತ್ತಿದ್ದೆವು. ರಾಕ್ಷಸರ ಮಾತು ಬಿಟ್ಟು ಬೇರೆ ಮಾತಿಲ್ಲ. ಫೋನಿಲ್ಲ, ಮೆಸೇಜಿಲ್ಲ. ಎರಡು ಗಂಟೆಗೆ ಅವನ ಹೆಸರು ಮಾಯವಾಗುತ್ತಿತ್ತು, ನಾನು ಚೀಟಿಗೆ ವಾಪಸಾಗುತ್ತಿದ್ದೆ.

ಅತ್ತೆ ಒಂದು ಭಾನುವಾರ ಕರೆದರು. ಅವನು ಮನೆಯಲ್ಲಿರಲಿಲ್ಲ, ಬೇಕೆಂದೇ ಹೊರಗೆ ಹೋಗಿದ್ದ ಅನ್ನಿಸುತ್ತದೆ. ಅತ್ತೆ ಕುರ್ಚಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ನಾನೂ ಕೆಳಗೆ ಕೂತು ಕೈಹಾಕಿದೆ.

"ನೀವಿಬ್ರೂ ಕಂಪ್ಯೂಟರಲ್ಲಿ ಮಾತಾಡ್ತೀರಂತೆ?"

"ಅದು ಆಟದ್ದು ಅತ್ತೆ."

"ಆಟದ್ದಾದ್ರೇನು ಕಣ್ಣಮ್ಮಾ, ಮಾತು ಮಾತೇ ಅಲ್ವಾ? ಮಧ್ಯಾಹ್ನ ಊಟಕ್ಕೆ ಕೂಡ ಏಳಲ್ಲ ಅವನು, ಅದ್ರ ಮುಂದೇನೇ ಕೂತಿರ್ತಾನೆ."

ಹೊರಡುವಾಗ ಹಣೆಗೆ ಕುಂಕುಮ ಇಟ್ಟರು, ಸ್ವಲ್ಪ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದರು. ಅವನು ಮನೆಯಿಂದಲೇ ಕೆಲಸ ಮಾಡುವ ದಿನಗಳಲ್ಲಿ ಹಾಗೆ ಕೂತಿರುತ್ತಾನೆ ಅನ್ನುವುದು ನನಗೆ ಗೊತ್ತಿರಲಿಲ್ಲ.

ಮರುದಿನ ಒಂದೂವರೆಗೆ ಅವನು ಕೆಸರುಮಂದಿಯ ಪುಟದಲ್ಲಿದ್ದ. ಬಾಯಿಲ್ಲದವರನ್ನು ಆಟಕ್ಕೆ ತಂದರೆ ಮಂತ್ರ ಹೇಳುವುದು ಹೇಗೆ ಅಂತ ಏನೋ ಬರೆಯುತ್ತಿದ್ದ. ನಾನು ಎಡಗಡೆ "ಊಟ ಆಯ್ತಾ?" ಅಂತ ಬರೆದೆ.

ಅವನ ಅಕ್ಷರಗಳು ನಿಂತವು. ಗೆರೆಯೊಂದು ಮಿನುಗುತ್ತಾ ಇತ್ತು. ನನ್ನ ಪಕ್ಕದ ಮೇಜಿನವಳು ಊಟ ಮುಗಿಸಿ ಬಂದು ಕೂತಳು. ಆಮೇಲೆ ಅವನು ಬರೆದ: "ಇಲ್ಲಿ ಬೇಡ."

"ಸರಿ" ಅಂತ ಬರೆದೆ. ಆಮೇಲೆ ಆ ಮೂರೂ ಸಾಲನ್ನು ಅಳಿಸಿದೆ. ಎದೆ ಧಸಕ್ಕೆನ್ನಬೇಕಿತ್ತು ಅಂತ ಈಗ ಅನ್ನಿಸುತ್ತದೆ. ಅವತ್ತು ಹಾಗೇನೂ ಆಗಲಿಲ್ಲ. ಐದು ನಿಮಿಷ ಬಿಟ್ಟು ಅವನು ಮಂತ್ರದ ವಿಷಯ ಮುಂದುವರಿಸಿದ, ನಾನು ಬೆರಳ ಸನ್ನೆಯಿಂದ ಆಗುತ್ತದೆ ಅಂದೆ, ಅವನು ಕೆಸರಿನ ಕೈಗೆ ಬೆರಳೆಷ್ಟು ಅಂತ ಕೇಳಿದ.

ಆರು ತಿಂಗಳು ಮುಗಿಯಿತು. ನ್ಯಾಯಾಲಯಕ್ಕೆ ಹೋಗಬೇಕಾದ ದಿನ ಬೆಳಿಗ್ಗೆಯೇ ಆಟದವರು ಎಂಟು ಜನಾಂಗದ ಹೆಸರು ಬಿಡುಗಡೆ ಮಾಡಿದ್ದರು. ನಾನು ನೋಡಿರಲಿಲ್ಲ. ಕಾರಿಡಾರಿನ ಬೆಂಚಿನಲ್ಲಿ ಅವನು ಮೊದಲೇ ಬಂದು ಕೂತಿದ್ದ, ಇಸ್ತ್ರಿ ಮಾಡಿದ ನೀಲಿ ಶರ್ಟು. ಪಕ್ಕದಲ್ಲಿ ಕೂತೆ. ಫೋನನ್ನು ನನ್ನ ಕಡೆ ತಿರುಗಿಸಿದ.

"ಕಲ್ಲಿನವ್ರು ಬಂದಿದಾರೆ," ಅಂದ. "ಎರಡು ತಲೆ ಇಲ್ಲ. ಕೆಳಗೆ ನೋಡು."

ಕೊನೆಯಲ್ಲಿ ಕೆಸರುಮಂದಿಯ ಚಿತ್ರವಿತ್ತು. ಎತ್ತರ ಕಡಿಮೆ ಮಾಡಿದ್ದರು, ಕೆಸರನ್ನು ಪಾಲಿಶ್ ಮಾಡಿದ ಮಣ್ಣಿನ ಹಾಗೆ ನುಣ್ಣಗೆ ಬರೆದಿದ್ದರು. ಮುಖದಲ್ಲಿ ತುಟಿಗಳಿದ್ದವು.

"ಬಾಯಿ ಕೊಟ್ಟಿದಾರೆ," ಅಂದೆ.

"ಹ್ಞೂಂ. ಇಬ್ರೂ ಗೆದ್ವಾ, ಸೋತ್ವಾ?"

"ಇದು ಅದಲ್ಲ. ಇದು ಬ್ಯಾರೆ ಏನೋ."

ಅವನು ತಲೆಯಾಡಿಸಿದ. ಚಿತ್ರವನ್ನು ದೊಡ್ಡದು ಮಾಡಿ ಬೆರಳು ಎಣಿಸಿದ. ನಾಲ್ಕಿದ್ದವು. ಅಷ್ಟರಲ್ಲಿ ನಮ್ಮ ಹೆಸರು ಕೂಗಿದರು.

ಒಳಗೆ ಹತ್ತು ನಿಮಿಷವೂ ಆಗಲಿಲ್ಲ. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, "ಯಾರಾದ್ರೂ ಒತ್ತಾಯ ಮಾಡಿದಾರೇನಮ್ಮಾ?" ಅಂದರು. ಇಲ್ಲ ಅಂದೆ. "ಮತ್ತೆ ಒಟ್ಟಿಗೆ ಇರೋ ಸಾಧ್ಯತೆ?" ನಾನು ಅವನನ್ನು ನೋಡಿದೆ. ಅವನು ಮೇಜನ್ನು ನೋಡುತ್ತಿದ್ದ. ಇಲ್ಲ ಸರ್ ಅಂದೆವು, ಇಬ್ಬರೂ ಒಟ್ಟಿಗೆ. ತೋರಿಸಿದ ಕಡೆಯೆಲ್ಲ ಸಹಿ ಮಾಡಿದೆವು.

ಹೊರಗೆ ಬಂದು ಎದುರಿನ ದರ್ಶಿನಿಯಲ್ಲಿ ಕಾಫಿ ತಗೊಂಡೆವು. ನಿಂತು ಕುಡಿಯುವ ಎತ್ತರದ ಮೇಜು. ಅವನು ಲೋಟವನ್ನು ತಿರುಗಿಸುತ್ತಾ, "ಅವತ್ತು ಊಟ ಆಯ್ತಾ ಅಂತ ನೀನು ಕೇಳ್ದೆ. ಆಗಿರ್ಲಿಲ್ಲ," ಅಂದ.

ನಾನು ಲೋಟ ಕೆಳಗಿಟ್ಟೆ.

"ಇಲ್ಲ ಅಂತ ಬರೆದಿದ್ರೆ, ಅವತ್ತು ಸಾಯಂಕಾಲ ಮನೆಗೆ ಬಂದ್ಬಿಡ್ತಿದ್ದೆ. ಬಂದು ಏನ್ ಮಾಡ್ತಿದ್ದೆ ಅಂತ ಗೊತ್ತಾಗ್ಲಿಲ್ಲ. ಅದಕ್ಕೇ."

"ನನಗೂ ಗೊತ್ತಿರ್ಲಿಲ್ಲ," ಅಂದೆ.

"ಪಟ್ಟಿ ನೀನೇ ಇಟ್ಕೋ. ನಾನು ಇನ್ನು ತೆಗೆಯಲ್ಲ."

ಅವನು ಬೈಕಿನಲ್ಲಿ ಹೋದ. ನಾನು ಅರ್ಧ ದಿನದ ರಜೆ ಹಾಕಿದ್ದೆ, ಆಫೀಸಿಗೆ ಹೋಗಿ ಜ್ವರದ ಸಿರಪ್ಪಿನ ಚೀಟಿ ಓದಿದೆ. ಒಂದು ತಪ್ಪೂ ಬಿಡಲಿಲ್ಲ.

ಆ ವರ್ಷವೇ ಮನೆ ಖಾಲಿ ಮಾಡಿ ಜೀವನ್ ಬಿಮಾ ನಗರಕ್ಕೆ ಬಂದೆ, ಆಫೀಸಿನವಳೊಬ್ಬಳ ಜೊತೆ. ಅವ್ವನಿಗೆ ಹೇಳಿದೆ. ಅವಳು ಅತ್ತಳು, ಆಮೇಲೆ ಊಟ ಆತೇನು ಅಂತಲೇ ಕೇಳಿದಳು. ಸಾಮಾನು ಜೋಡಿಸುವಾಗ ಪಟ್ಟಿ ನೆನಪಾಯಿತು. ಅಳಿಸಲು ಮನಸ್ಸಾಗಲಿಲ್ಲ, ಇಟ್ಟುಕೊಂಡು ಮಾಡುವುದೂ ಇರಲಿಲ್ಲ. ಇಬ್ಬರ ಹೆಸರನ್ನೂ ತೆಗೆದು, ಇಂಗ್ಲಿಷಿಗೆ ಮಾಡಿ, ಆಡುವವರ ವೇದಿಕೆಯೊಂದರಲ್ಲಿ ಹಾಕಿದೆ. ಅದೇ ನಾಲ್ಕು ವಾರಾಂತ್ಯ ತಿಂದಿತು.

ಜನ ಓದಿದರು. ಕಲ್ಲಿನವರ ಬಗ್ಗೆ, ದೋಣಿಯ ಬಗ್ಗೆ ಹೊಸದಾಗಿ ಜಗಳ ಶುರುವಾಯಿತು. ಕೆಸರುಮಂದಿಗೆ ಬಾಯಿ ಕೊಟ್ಟದ್ದು ಅನ್ಯಾಯ ಅಂತ ಒಬ್ಬ ಉದ್ದಕ್ಕೆ ಬರೆದ. ಆಮೇಲೆ ಅವರು ನಮ್ಮ ಬಗ್ಗೆಯೂ ಊಹಿಸತೊಡಗಿದರು. ಇವರಿಬ್ಬರೂ ಅಣ್ಣತಮ್ಮಂದಿರು ಅಂತ ಒಬ್ಬರು. ಎಡದವರು ಮೇಷ್ಟ್ರು, ಬಲದವರು ಅವರ ಶಿಷ್ಯ ಅಂತ ಇನ್ನೊಬ್ಬರು. ಇಬ್ಬರೆಲ್ಲಿ, ಒಬ್ಬನೇ ಎರಡೂ ಕಡೆ ಬರೆದಿದ್ದಾನೆ, ಭಾಷೆ ನೋಡಿದರೆ ಗೊತ್ತಾಗುವುದಿಲ್ಲವಾ ಅಂತ ಮತ್ತೊಬ್ಬರು. ಗಂಡ ಹೆಂಡತಿ ಅಂತ ಯಾರೂ ಹೇಳಲಿಲ್ಲ. ನಾನು ಎಲ್ಲವನ್ನೂ ಓದಿದೆ, ಉತ್ತರ ಕೊಡಲಿಲ್ಲ.

ಒಬ್ಬರು ಮಾತ್ರ ನೇರವಾಗಿ ಕೇಳಿದ್ದರು: ಬಲಗಡೆಯವರು ಈಗಲೂ ಬರೆಯುತ್ತಾರಾ? ಅದಕ್ಕೆ ಇಲ್ಲ ಅಂತ ಬರೆದೆ. ಜೊತೆಯವಳು ಬಾಗಿಲಲ್ಲಿ ನಿಂತು, "ಹಾಲು ತರಬೇಕು, ಬರ್ತೀಯಾ?" ಅಂದಳು. ಚಪ್ಪಲಿ ಹಾಕಿಕೊಂಡು ಅವಳ ಹಿಂದೆ ಮೆಟ್ಟಿಲಿಳಿದೆ.